ಹಸನ

ಮಾರ್ಚಿನ ಕೊನೆ. ಕಲಬುರಗಿ ಗಂಜಿನ ಆಫೀಸಿನ ಹಿಂದಿನ ಕೋಣೆ.
ರಾತ್ರಿ ಹತ್ತೂವರೆ ಆದರೂ ಗೋಡೆ ಹಂಚಿನಂಗ ಕಾದದ.
ಕೂಲರಿನ ನೀರು ಮುಗಿದು ಬರೀ ಗಾಳಿ ತಿರುಗ್ಲತ್ತದ.
ಸರ್ವರು ಏದುಸಿರು ಬಿಡ್ಲತ್ತದ:
ಡಿಸ್ಕು ತುಂಬಿದ್ದು ನೂರಕ್ಕ ತೊಂಬತ್ತೇಳು.
ಮುಂಜಾನಿ ಐದಕ್ಕ ತೊಗರಿ ಲಾರಿ ಬರ್ತಾವ,
ಒಂದು ರಶೀದಿ ಬರೀಲಿಕ್ಕೂ ಅದರೊಳಗ ಜಾಗಿಲ್ಲ.

ಹಸನ ಮಾಡ್ಲಿಕ್ಕ ಕುಂತೆ.
ನಮ್ಮವ್ವ ಮೊರ ಹಿಡಿದು ಕೂಡ್ತಿದ್ದಳಲ್ಲ, ಹಂಗ.
ಮೊದಲು ಕಣ್ಣಿಗೆ ಬೀಳೋ ಕಲ್ಲು, ಆಮ್ಯಾಲ ಹೊಟ್ಟು,
ಕಡೀಗೆ ಕಾಳಿನಂಗೇ ಕಾಣೋ ಮಣ್ಣಿನ ಉಂಡಿ.

ಕಲ್ಲು ಲಗೂನ ಸಿಕ್ಕಿತು:
ಏಳು ವರ್ಷದ ಹಿಂದ ಗುಜರಿಗೆ ಹೋದ ಪ್ರಿಂಟರಿನ ಪ್ಯಾಕೇಜು.
ತೆಗಿ ಅಂದೆ. ತೆಗೀತು.
ತೆಗೆದ ಮ್ಯಾಲ, ನಾ ಕೇಳದಿದ್ದರೂ, ಒಂದು ಪಟ್ಟಿ ಹೇಳಿತು:
ಇವು ತಾವಾಗೇ ಬಂದವು, ಈಗ ಯಾರಿಗೂ ಬೇಕಾಗಿಲ್ಲ.
ನಲವತ್ತಾರು ಹೆಸರು.

ಬೀಗರ ಸಂಗಡ ಬಂದವರು. ಬೀಗರು ಎದ್ದು ಹೋದರೂ
ಹಂದರದಾಗ ಎಲಿ ಹಾಕಿಸಿಕೊಂಡು ಕುಂತವರು.
ಯಾರ ಕಡಿಯವರು ನೀವು ಅಂತ ಕೇಳಿದರ
ಒಬ್ಬರು ಇನ್ನೊಬ್ಬರ ಮುಖ ನೋಡ್ತಾರ.
ಇದನ್ನ ಕರೆದದ್ದು ಅದು, ಅದನ್ನ ಕರೆದದ್ದು ಮತ್ತೊಂದು,
ಆ ಮತ್ತೊಂದನ್ನ ಕರೆದ ಪ್ರಿಂಟರು
ಕರಗಿ ಎಂದೋ ಯಾರದೋ ಕಿಟಕಿ ಸರಳಾಗಿರಬೇಕು.
ನಡುವ ಎಂಟು ಹಳೇ ಕರ್ನೆಲ್ಲು,
ಗಾದಿ ಇಳಿದರೂ ವಾಡೆ ಬಿಡದವು.

ಎಲ್ಲಾ ತೆಗೀಲೇನು? ಹೌದೋ, ಅಲ್ಲೋ?
ಹೌದು ಅನ್ನಲಿಕ್ಕ ಒಂದಕ್ಷರ ಸಾಕು. ಬೆರಳು ಅದರ ಮ್ಯಾಲೇ ಇತ್ತು.

ಹ್ವಾದ ವರ್ಷ ಇದೇ ಅಂಗಳ ಹಸನ ಮಾಡಿಸಿದರು.
ಹೊಸಾ ಮಷಿನ್ ಜರಡಿ ಬಂತು. ತಿಪ್ಪಮ್ಮನ ಗುಂಪು ಬ್ಯಾಡ ಅಂದರು:
ಚೀಲದಿಂದ ಉದುರಿದ ಕಾಳು ಬಳಕೊಂಡು, ಮಣ್ಣು ಕೇರಿ
ಒಂದು ಸೇರೋ ಎರಡು ಸೇರೋ ಒಯ್ಯೋ ಆರು ಮಂದಿ ಹೆಣ್ಣುಮಕ್ಕಳು.
ಯಾವ ರಜಿಸ್ಟರಿನಾಗೂ ಇರಲಿಲ್ಲ ಅವರು. ಪಗಾರಿಲ್ಲ, ಪಾಸಿಲ್ಲ,
ತೆಗೀಲಿಕ್ಕ ಯಾರ ಸಹಿನೂ ಬೇಕಾಗಲಿಲ್ಲ.
ಕಾಳು ಮಾತ್ರ ಮೊದಲಿನಂಗೇ ಉದುರ್ತಿತ್ತು.
ಒಂದು ತಿಂಗಳಿಗೆ ಹೆಗ್ಗಣ ಬಂದವು.
ಎರಡನೇ ತಿಂಗಳು ಕಾಟಾದ ಕೇಬಲ್ ಕಡಿದವು.
ಮೂರು ದಿನ ಲಾರಿ ಸಾಲು ಹುಮನಾಬಾದ್ ರಸ್ತೆ ತನಕ.
ಎಂಜಿನಿಯರ್ ಬರೆದ ವರದಿಯಾಗ ಕೇಬಲ್ ಇತ್ತು, ಹೆಗ್ಗಣ ಇತ್ತು.
ತಿಪ್ಪಮ್ಮ ಇರಲಿಲ್ಲ.

ಬೆರಳು ತೆಗೆದು ಪಟ್ಟಿ ಓದಿದೆ, ಒಂದೊಂದೇ.
ಮೂವತ್ತೊಂದನೇದು ಸಣ್ಣದು, ಚೀಟಿಯಷ್ಟು ತೂಕ,
ಅಕ್ಷರ ಜೋಡಿಸೋ ಕೆಲಸದ್ದು.
ಇದನ್ನ ಎಲ್ಲೋ ನೋಡೀನಲ್ಲ...
ಮಕ್ಬೂಲ್ ಸಾಹೇಬರು ರಿಟೈರ್ ಆಗೋ ಮೊದಲು
ಕೈಯಾರ ಬರೆದಿಟ್ಟ ರಶೀದಿಯ ಸ್ಕ್ರಿಪ್ಟು
ಇದರ ಹೆಗಲ ಮ್ಯಾಲ ನಿಂತದ.
ಅವರು ಯಾರಿಗೂ ಹೇಳಿಲ್ಲ. ಯಂತ್ರಕ್ಕೂ ಹೇಳಿಲ್ಲ.
ಬರೆಯದ ಹಂಗು ಅದರ ಲೆಕ್ಕದಾಗ ಹಂಗೇ ಅಲ್ಲ.

ಇದು ಹೋದರ, ಕ್ವಿಂಟಲ್ಲಿನ ಕ ಒಂದು ಕಡಿ,
ಅದರ ಕೆಳಗ ಜೋತಾಡೋ ವ ಇನ್ನೊಂದು ಕಡಿ;
ಮಲ್ಲಪ್ಪ, ಶಿವಮ್ಮ, ಎಲ್ಲರ ಒತ್ತೂ ಉದುರಿ
ಯಾರ ಮನಿಯವರೂ ಅಲ್ಲದವರ ಹೆಸರಾಗ್ತಾವ.

ಅದರ ಮುಂದ ಬರೆದೆ:
ಇದು ತಾನಾಗೇ ಬಂದದ್ದಲ್ಲ, ನಾ ಕರೆದದ್ದು.
ಅಷ್ಟೇ ಬೇಕು ಅದಕ್ಕ. ಯಾರಾದರೂ ಒಬ್ಬರು ಕರೆದೀನಿ ಅನ್ನಬೇಕು.
ಪಟ್ಟಿ ನಲವತ್ತೈದಾಯಿತು.
ಹೌದು ಅಂದೆ. ಸಾಲಾಗಿ ಎದ್ದು ಹೋದವು.
ತೊಂಬತ್ತೇಳು ಇದ್ದದ್ದು ಎಂಬತ್ತೆರಡು.

ಪರೀಕ್ಷೆಗೆ ಅಂತ ಒಂದು ರಶೀದಿ ತೆಗೆದೆ:
ತಿಪ್ಪಮ್ಮ. ಉದುರಿದ ತೊಗರಿ. ೦ ಕ್ವಿಂಟಲ್ ೨ ಕೆಜಿ.
ಒತ್ತು ಒಂದೂ ಜಾರಿಲ್ಲ.
ಹರಿದು ಒಗೀಬೇಕು ಇದನ್ನ, ನಾಳಿ ಲೆಕ್ಕ ತಪ್ತದ.
ಅಟ್ಟದ ಮ್ಯಾಲ ಏನೋ ಸರಸರ ಓಡಿತು.
ಚೀಟಿ ಇನ್ನೂ ಬಿಸಿ ಅದ, ಅಂಗಿ ಕಿಸೆದಾಗ.